ಮೇಲಿನ ಅರ್ಧ ಮಿಲಿಮೀಟರ್

ಕಿನ್ನಿಮೂಲ್ಕಿಯ ಮೆಡಿಕಲ್ ಶಾಪಿನ ಮಾಳಿಗೆಯಲ್ಲಿ
ನನ್ನ ಪಾರ್ಲರು. ಒಂದೇ ಕೋಣೆ, ಪರದೆಯಾಚೆ ಕನ್ನಡಿ,
ಕನ್ನಡಿಯ ಕೆಳಗೆ ಹತ್ತೊಂಬತ್ತು ವರ್ಷದ ಬೇಸಿನ್ ಕಟ್ಟೆ.
ಕಲ್ಚರ್ಡ್ ಮಾರ್ಬಲ್ ಎಂದು ಕೂರಿಸಿ ಹೋಗಿದ್ದ ಕಂಟ್ರಾಕ್ಟರ್.
ಯಾವ ಶಾಲೆಗೆ ಹೋಗಿತ್ತೋ ಎಂತದೋ,
ಬಿಳಿಯಲ್ಲಿ ಬೂದು ಗೆರೆ, ಮುಟ್ಟಿದರೆ ತಂಪು,
ನಾನೂ ಕಲ್ಲೆಂದೇ ನಂಬಿದ್ದೆ.

ಈಗ ಮೈಯೆಲ್ಲ ಮಂಕು.
ಮದರಂಗಿಯ ಕಿತ್ತಳೆ, ಡೈ ಚೆಲ್ಲಿದ ಕಪ್ಪು,
ನೈಲ್ ಪಾಲಿಷ್ ರಿಮೂವರ್ ನೆಕ್ಕಿದಲ್ಲಿ ಹೊಳಪೇ ಇಲ್ಲ,
ನೀರಿಳಿಯುವ ತೂತಿನ ಸುತ್ತ
ಮುದುಕಿಯ ತುಟಿಯ ಹಾಗೆ ಸಣ್ಣ ಸಣ್ಣ ಬಿರುಕು.
ಹೊಸತಿಗೆ ಹದಿನೆಂಟು ಸಾವಿರ ಅಂದರು ಅಂಗಡಿಯಲ್ಲಿ.
'ಮಲ್ಪೆಯಲ್ಲಿ ಒಬ್ಬರಿದ್ದಾರೆ, ಕೇಳಿ ನೋಡಿ' ಎಂದಳು
ಹುಬ್ಬು ತೆಗೆಸಲು ಬಂದ ಜಲಜಾಕ್ಷಿ.

ಬಂದರು ಶೀನ ಮೆಂಡನ್.
ಮೂವತ್ತು ವರ್ಷ ಫೈಬರ್ ದೋಣಿ ಉಜ್ಜಿದ ಕೈ,
ಬೆರಳ ತುದಿಯ ಗೆರೆಗಳೂ ಸವೆದು ಹೋಗಿವೆ.
'ಆಧಾರ್ ಮೆಷಿನು ನನ್ನನ್ನು ಒಪ್ಪುವುದೇ ಇಲ್ಲ ಮೇಡಂ.'
ಅದೇ ಬೆರಳಲ್ಲಿ ಕಟ್ಟೆಯನ್ನೊಮ್ಮೆ ಸವರಿ,
'ಕಲ್ಲಲ್ಲ ಮಾರಾಯ್ರೆ ಇದು, ನಮ್ಮ ದೋಣಿಯದ್ದೇ ಜಾತಿ.
ಕಲ್ಲಿನ ಹುಡಿ, ರೆಸಿನ್, ಮೇಲೊಂದು ಜೆಲ್‌ಕೋಟ್.
ಅದಕ್ಕೆ ನೀರು ಹೊರಗೆ, ಇದಕ್ಕೆ ಒಳಗೆ.

ಚಂದ ಎಲ್ಲ ಇರುವುದು ಮೇಲಿನ ಅರ್ಧ ಮಿಲಿಮೀಟರಿನಲ್ಲಿ.
ಅದನ್ನು ದಾಟಿ ಉಜ್ಜಿದಿರೋ, ಒಳಗೆ ಬರೀ ತೂತು,
ಮತ್ತೆ ದೇವರೇ ಬಂದು ತಿಕ್ಕಿದರೂ ಹೊಳೆಯಲಿಕ್ಕಿಲ್ಲ.'
ನಾನು ಸುಮ್ಮನೆ ತಲೆಯಾಡಿಸಿದೆ.
ನನ್ನ ಕಸುಬಿನ ಗುಟ್ಟನ್ನು ನನಗೇ ಹೇಳಿಕೊಡುತ್ತಿದ್ದರು.

ಆರುನೂರರ ಕಾಗದ, ಆಮೇಲೆ ಸಾವಿರ,
ಆಮೇಲೆ ಸಾವಿರದೈನೂರು,
ನೀರು ಹನಿಸುತ್ತ, ಸುತ್ತು ಸುತ್ತಾಗಿ.
ಹಾಲಿನಂಥ ಕೆಸರು ಇಳಿಯಿತು ತೂತಿಗೆ.
ಮದರಂಗಿ ಹೋಯಿತು. ಡೈ ಹೋಯಿತು.
ಯಾರ್ಯಾರದೋ ಮದುವೆಯ ನಸುಕುಗಳು ಹೋದವು.
ಎಡಮೂಲೆಯಲ್ಲಿ ಕೈ ನಿಂತಿತು.
'ಇದೆಂತದು? ಸುಟ್ಟದ್ದಾ?'

ಹೌದು. ಕೂದಲು ನೇರ ಮಾಡುವ ರಾಡು.
ಅವತ್ತು ನಾಲ್ಕೂವರೆಗೇ ಬಂದಿದ್ದಳು ಮದುಮಗಳು,
ಜೊತೆಗೆ ತಾಯಿ, ಚಿಕ್ಕಮ್ಮ, ಬಾಳೆಲೆಯಲ್ಲಿ ಮಲ್ಲಿಗೆಯ ಅಟ್ಟೆ.
ಎಡಗೆನ್ನೆಯಲ್ಲಿ ನಾಲ್ಕು ಬೆರಳು.
'ರಾತ್ರಿ ಬಾಗಿಲು ತಾಗಿತು' ಎಂದರು ತಾಯಿ.
ಬಾಗಿಲಿಗೆ ಬೆರಳುಂಟಾ ಎಂದು ನಾನು ಕೇಳಲಿಲ್ಲ.
ಮೊದಲು ಹಸಿರು ಕರೆಕ್ಟರ್, ಮೇಲೆ ಕನ್ಸೀಲರ್, ಮೇಲೆ ಪೌಡರ್,
ತಟ್ಟಿ ತಟ್ಟಿ, ಉಜ್ಜದೆ.
ಹುಡುಗಿ ಕನ್ನಡಿ ಬಿಟ್ಟು ನಲ್ಲಿಯನ್ನೇ ನೋಡುತ್ತಿದ್ದಳು.
ಕಟ್ಟೆಯ ಮೇಲೆ ರಾಡು ಉರಿಯುತ್ತಿದ್ದದ್ದು
ವಾಸನೆ ಬಂದ ಮೇಲೆಯೇ ಗೊತ್ತಾದದ್ದು.

ಫೋಟೋದಲ್ಲಿ ಏನೂ ಕಾಣಲಿಲ್ಲ.
ಇನ್ನೂರು ಹೆಚ್ಚಿಗೆ ಕೊಟ್ಟರು. ತೆಗೆದುಕೊಂಡೆ.

ಇಷ್ಟನ್ನೆಲ್ಲ ಮೆಂಡನ್ನರಿಗೆ ಹೇಳಲಿಲ್ಲ.
ಅವರು ಪೇಪರ್ ಲೋಟದಲ್ಲಿ ಬಿಳಿ ಕಲಸುತ್ತಿದ್ದರು,
ಕಡ್ಡಿಯ ತುದಿಯಷ್ಟು ಬೂದು, ಹನಿ ಎಣಿಸಿ ಹಾರ್ಡ್ನರ್.
ಕೋಣೆಯೊಳಗೆ ದೋಣಿ ಶೆಡ್ಡಿನ ಘಾಟು.
'ಇದನ್ನೂ ಕೆರೆದು ತುಂಬಿಸುತ್ತೇನೆ ಮೇಡಂ,
ನಿಮಗೇ ಗೊತ್ತಾಗಲಿಕ್ಕಿಲ್ಲ.'
'ಬೇಡ. ತೂತಿನ ಸುತ್ತ ಮಾತ್ರ ಸಾಕು.'
'ಉಳಿದದ್ದು ಹೊಳೆಯುವಾಗ ಇದೊಂದು ಎದ್ದು ಕಾಣುತ್ತದೆ.'
'ಕಾಣಲಿ.'
ನನ್ನ ಮುಖವನ್ನೊಮ್ಮೆ ನೋಡಿದರು.
ಬಿಲ್ಲಿನಲ್ಲಿ ಮುನ್ನೂರು ಹೊಡೆದು ಹಾಕಿದರು.

ಕೊನೆಗೆ ಹಳೆ ಬನಿಯನಿನಲ್ಲಿ ವ್ಯಾಕ್ಸು.
ಟ್ಯೂಬ್‌ಲೈಟು ಪೂರ್ತಿ ಬಂದು ಮಲಗಿತು ಕಟ್ಟೆಯ ಮೇಲೆ,
ಎಡಮೂಲೆಯಲ್ಲಿ ಮಾತ್ರ ಒಂದಿಷ್ಟು ಮುರಿದು.
'ಆಂಡ್. ನಾಳೆ ಇಷ್ಟೊತ್ತಿನ ತನಕ ನೀರು ತಾಗಿಸಬೇಡಿ.'

ಬಕೆಟ್ಟಿನಲ್ಲಿ ಬ್ರಷ್ಷು ತೊಳೆಯುತ್ತಿದ್ದೆ, ಫೋನು ಬಂತು.
ಭಾನುವಾರ ಮದುವೆ, ಐದಕ್ಕೇ ಮೇಕಪ್ ಆಗಬೇಕು,
ನಾವು ಐದಾರು ಹೆಂಗಸರು ಜೊತೆಗೆ ಬರುತ್ತೇವೆ, ಎಂದಿತು ಸ್ವರ.
ಬನ್ನಿ, ಎಂದೆ. ಹೊರಗೆ ಬೆಂಚು ಉಂಟು, ಫ್ಯಾನು ಉಂಟು.
ಪರದೆಯ ಒಳಗೆ ಹುಡುಗಿ ಒಬ್ಬಳೇ.